ತೋಟದ ಬಟವಾಡೆಗೂ ಒಂದು ಪುಸ್ತಕ ಬೇಕು

"ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಯಲಹಂಕ, ಜಾಲ, ಹೆಸರಘಟ್ಟ ಹೋಬಳಿಗಳ ರೈತರಿಗೆ ಈ ಗಾದೆಯಿಂದ ಇಂದು ಹೆಚ್ಚಿನ ಪ್ರಯೋಜನವಿಲ್ಲ. ತಾನೇ ಮಾಡೋಣವೆಂದರೆ ವಯಸ್ಸಾಗಿದೆ. ಮಗ ಮಾಡಲಿ ಎಂದರೆ ಅವನು ಬೆಳಗ್ಗೆ ಎಂಟಕ್ಕೆಲ್ಲ ಕಚೇರಿಗೆಂದು ಹೊರಟು ಹೆಬ್ಬಾಳದ ಮೇಲುಸೇತುವೆಯ ಮೇಲೆ ಸಾಲಿನಲ್ಲಿ ನಿಂತಿರುತ್ತಾನೆ. ಉಳಿದವನು ಆಳು ಒಬ್ಬನೇ. ದ್ರಾಕ್ಷಿ ಚಪ್ಪರ ಸವರುವವನು ಅವನು, ಗುಲಾಬಿಯ ಪಾಲಿಹೌಸಿನಲ್ಲಿ ಹೂ ಕೊಯ್ಯುವವಳು ಅವನ ಹೆಂಡತಿ, ಬೆಳಗಿನ ಜಾವ ಹಸುಗಳ ಹಾಲು ಕರೆಯುವವನೂ ಅವನೇ. ಬೇಸಾಯ ಉಳಿದಿರುವುದು ಆಳುಗಳಿಂದ.

ಹಿಂದೆ ಆಳು ಎಂದರೆ ಊರಿನವನು. ಅವನ ತಂದೆ ನಿಮ್ಮ ತಂದೆಯ ಬಳಿ ದುಡಿದಿರುತ್ತಿದ್ದ. ಕೂಲಿಯ ತಕರಾರು ಬಂದರೆ ಅರಳಿಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು ಕುಳಿತು ತೀರ್ಮಾನ ಮಾಡುತ್ತಿದ್ದರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಕಡೆಯ ಹಳ್ಳಿಗಳ ದುಡಿಯುವ ಹುಡುಗರು ಕಟ್ಟಡದ ಕೆಲಸ, ಕಾವಲು ಕೆಲಸ, ಕಾರು ಓಡಿಸುವ ಕೆಲಸ ಹಿಡಿದರು. ಈಗ ತೋಟದ ಶೆಡ್ಡಿನಲ್ಲಿ ಸಂಸಾರ ಹೂಡಿಕೊಂಡಿರುವ ಆಳುಗಳಲ್ಲಿ ರಾಯಚೂರು, ಯಾದಗಿರಿ ಕಡೆಯವರಿದ್ದಾರೆ, ಬಿಹಾರ, ಒಡಿಶಾದವರೂ ಇದ್ದಾರೆ. ಅವರ ಊರು ನಿಮಗೆ ತಿಳಿಯದು, ನಿಮ್ಮ ಊರಿನ ಹಿರಿಯರು ಅವರಿಗೆ ತಿಳಿಯರು. ನಿಮ್ಮಿಬ್ಬರ ನಡುವೆ ಅರಳಿಕಟ್ಟೆಯ ಬದಲು ಈಗ ಇರುವುದು ಕಾನೂನು.

ಆ ಕಾನೂನಿನ ಕಣ್ಣಿನಲ್ಲಿ ನೀವು ರೈತರಷ್ಟೇ ಅಲ್ಲ, ಮಾಲೀಕರೂ ಹೌದು. ಕೂಲಿಯನ್ನು ನ್ಯಾಯವಾಗಿಯೇ ಕೊಡುತ್ತಿರುವ ಅನೇಕ ರೈತರು ಕೊಟ್ಟದ್ದಕ್ಕೆ ಒಂದು ಸಾಲಿನ ಬರಹವನ್ನೂ ಇಟ್ಟುಕೊಂಡಿರುವುದಿಲ್ಲ. ತೊಂದರೆ ಬಂದ ದಿನ ಕೊಟ್ಟವರೂ ಕೊಡದವರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಅದನ್ನು ತಪ್ಪಿಸುವ ದಾರಿ ಸುಲಭವಾಗಿದೆ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಬೇಸಾಯಕ್ಕೆ ವಿನಾಯಿತಿ ಉಂಟೆ?

"ನನ್ನದು ಒಂದೂವರೆ ಎಕರೆ ತೋಟ. ಕಾರ್ಖಾನೆಯೇನೂ ಅಲ್ಲ. ನನಗೂ ಕಾರ್ಮಿಕ ಕಾನೂನೇ?" ಎಂದು ಕೇಳುವವರಿದ್ದಾರೆ. ಹೌದು, ನಿಮಗೂ ಉಂಟು. ಇದು ಹೊಸ ಸಂಗತಿಯೂ ಅಲ್ಲ. 1948ರ ಕನಿಷ್ಠ ಕೂಲಿ ಕಾಯಿದೆಯ ಅನುಸೂಚಿಯ ಎರಡನೆಯ ಭಾಗವನ್ನು ಬೇಸಾಯಕ್ಕಾಗಿಯೇ ಮೀಸಲಿಡಲಾಗಿತ್ತು. ಉಳುಮೆ, ತೋಟಗಾರಿಕೆ, ಹೈನುಗಾರಿಕೆ, ಕೋಳಿ ಸಾಕಣೆ, ಜೇನು ಸಾಕಣೆ ಎಲ್ಲವೂ ಅದರಲ್ಲಿ ಸೇರಿದ್ದವು. ಬೆಳೆದ ಮಾಲನ್ನು ಮಾರುಕಟ್ಟೆಗೆ ಸಿದ್ಧಪಡಿಸಿ ಸಾಗಿಸುವ ಕೆಲಸವೂ ಸೇರಿತ್ತು. ಎಂದರೆ ಹೆಬ್ಬಾಳದ ಹೂವಿನ ಹರಾಜಿಗೆ ಗುಲಾಬಿ ಕಟ್ಟು ಕಟ್ಟುವವಳೂ, ಯಶವಂತಪುರದ ಮಾರುಕಟ್ಟೆಗೆ ಹೊರಟ ಗಾಡಿಗೆ ನಿಮ್ಮ ತೋಟದಲ್ಲಿ ಮೂಟೆ ಏರಿಸುವವನೂ ಕನಿಷ್ಠ ಕೂಲಿಗೆ ಹಕ್ಕುದಾರರೇ ಆಗಿದ್ದರು.

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕನಿಷ್ಠ ಕೂಲಿ, ಕೂಲಿ ಪಾವತಿ, ಬೋನಸ್ಸು, ಸಮಾನ ವೇತನ ಈ ನಾಲ್ಕು ಹಳೆಯ ಕಾಯಿದೆಗಳ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಹಳೆಯ ಕಾಯಿದೆ ಅನುಸೂಚಿಯಲ್ಲಿ ಹೆಸರಿಸಿದ ಕಸುಬುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹೊಸದರಲ್ಲಿ ಆ ಅನುಸೂಚಿಯೇ ಇಲ್ಲ. ಕೂಲಿಗೆ ದುಡಿಯುವ ಎಲ್ಲರಿಗೂ ಕನಿಷ್ಠ ಕೂಲಿ ಸಲ್ಲಬೇಕು. ಆದ್ದರಿಂದ "ನಮ್ಮ ಕಸುಬು ಪಟ್ಟಿಯಲ್ಲಿಲ್ಲ" ಎಂಬ ಮಾತಿಗೂ ಈಗ ಎಡೆಯಿಲ್ಲ.

ಐದು ಆಳಿನ ಗೆರೆ

ಹೊಸ ಸಂಹಿತೆ ಸಣ್ಣ ರೈತರಿಗೆ ಒಂದು ರಿಯಾಯಿತಿ ಕೊಟ್ಟಿದೆ. ಸಾಮಾನ್ಯವಾಗಿ ಮಾಲೀಕರಾದವರು ಆಳುಗಳ ವಿವರ, ಹಾಜರಿ, ಕೂಲಿ ಇವುಗಳ ದಾಖಲೆ ಪುಸ್ತಕಗಳನ್ನು ಇಡಬೇಕು. ಕೂಲಿಯ ದರ, ಬಟವಾಡೆಯ ದಿನ ಮುಂತಾದವುಗಳನ್ನು ತಿಳಿಸುವ ಫಲಕ ಹಾಕಬೇಕು. ಪ್ರತಿಯೊಬ್ಬರಿಗೂ ಕೂಲಿಚೀಟಿ ಕೊಡಬೇಕು. ಬೇಸಾಯದಲ್ಲಿ ಐದು ಜನರಿಗಿಂತ ಹೆಚ್ಚು ಆಳುಗಳನ್ನು ಇಟ್ಟುಕೊಳ್ಳದವರಿಗೆ ಈ ಮೂರೂ ಕಡ್ಡಾಯವಲ್ಲ.

ಆದರೆ ಇದನ್ನು ಓದಿ ನಿಶ್ಚಿಂತರಾಗಬೇಡಿ. ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ. ತಪಾಸಣೆಗೆ ಬಂದ ಅಧಿಕಾರಿ ಕೇಳಿದರೆ, ಕೂಲಿ ಕೊಟ್ಟಿದ್ದೀರಿ ಎಂಬುದಕ್ಕೆ ಒಪ್ಪತಕ್ಕ ರುಜುವಾತನ್ನು ನೀವು ತೋರಿಸಬೇಕು. ಸರ್ಕಾರಿ ನಮೂನೆಯ ಪುಸ್ತಕ ಬೇಡವೆಂದರೂ ಲೆಕ್ಕವೇ ಬೇಡವೆಂದು ಕಾನೂನು ಹೇಳಿಲ್ಲ.

ರಿಯಾಯಿತಿಯು ಕೂಲಿಯ ಮಟ್ಟಕ್ಕೆ ಸಂಬಂಧಿಸಿದ್ದಲ್ಲ ಎಂಬುದನ್ನೂ ಮರೆಯಬಾರದು. ಒಬ್ಬನೇ ಆಳಿದ್ದರೂ ಕನಿಷ್ಠ ಕೂಲಿ ಕೊಡಲೇಬೇಕು. ಅಲ್ಲದೆ, ವರ್ಷವೆಲ್ಲ ನಾಲ್ಕು ಆಳಿರುವ ತೋಟದಲ್ಲಿ ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಹನ್ನೆರಡು ಜನ ಸೇರುತ್ತಾರೆ. ಆಗ ನೀವು ಐದರ ಗೆರೆ ದಾಟಿದಿರಿ. ಮೊದಲಿನಿಂದಲೇ ಪುಸ್ತಕ ಇಟ್ಟವರಿಗೆ ಅಂಥ ದಿನಗಳಲ್ಲಿ ಗಾಬರಿಯಿಲ್ಲ.

ರುಜುವಾತಿನ ಹೊಣೆ ಯಾರದು?

ಸಾಮಾನ್ಯ ಸಾಲದ ಮೊಕದ್ದಮೆಯಲ್ಲಿ "ನನಗೆ ಹಣ ಬರಬೇಕು" ಎಂದವನೇ ಅದನ್ನು ರುಜುವಾತುಪಡಿಸಬೇಕು. ಕೂಲಿಯ ವಿಷಯದಲ್ಲಿ ಹಾಗಲ್ಲ. ಆಳು ಬಂದು "ನನಗೆ ಕೂಲಿ ಕೊಟ್ಟಿಲ್ಲ" ಅಥವಾ "ಕಡಿಮೆ ಕೊಟ್ಟಿದ್ದಾರೆ" ಎಂದು ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಎಂದು ತೋರಿಸುವ ಹೊಣೆ ಮಾಲೀಕನದು. ವೇತನ ಸಂಹಿತೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಲಾಗಿದೆ. ಅಂಥ ಅರ್ಜಿಯನ್ನು ಮೂರು ವರ್ಷದವರೆಗೆ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರವನ್ನೂ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕೆ ಉಂಟು.

ಒಂದು ಲೆಕ್ಕ ಹಾಕಿ ನೋಡಿ. ಆರು ಜನರಿಗೆ ದಿನಕ್ಕೆ 50 ರೂಪಾಯಿ ಕಡಿಮೆ ಬಿದ್ದಿದೆ ಎನ್ನೋಣ. ವರ್ಷಕ್ಕೆ 300 ದಿನದ ಕೆಲಸ, ಮೂರು ವರ್ಷ. ಬಾಕಿಯೇ 2,70,000 ರೂಪಾಯಿ ಆಯಿತು. ಹತ್ತು ಪಟ್ಟು ಪರಿಹಾರವೆಂದರೆ 27 ಲಕ್ಷ. ಎಲ್ಲ ಮೊಕದ್ದಮೆಯಲ್ಲೂ ಹತ್ತು ಪಟ್ಟು ಹಾಕುತ್ತಾರೆಂದಲ್ಲ, ಹಾಕಲು ಅವಕಾಶವಿದೆ ಎಂದಷ್ಟೆ. ಕಡಿಮೆ ಕೂಲಿ ಕೊಟ್ಟ ತಪ್ಪಿಗೆ 50,000 ರೂಪಾಯಿವರೆಗೆ ದಂಡ ಬೇರೆ. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಆದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ.

ದಿನಕ್ಕೆ 50 ರೂಪಾಯಿ ನಿಜವಾಗಿ ಕಡಿಮೆ ಕೊಟ್ಟವರು ಇದನ್ನು ಅನುಭವಿಸುವುದು ನ್ಯಾಯವೆನ್ನಬಹುದು. ಪೂರ್ತಿ ಕೊಟ್ಟೂ ಬರೆದಿಡದೆ ಹೋದವರು ಏನು ತೋರಿಸುತ್ತಾರೆ?

ಪುಸ್ತಕದಲ್ಲಿ ಏನಿರಬೇಕು?

ಇನ್ನೂರು ಪುಟದ ಗಟ್ಟಿ ರಟ್ಟಿನ ಒಂದು ಲೆಕ್ಕದ ಪುಸ್ತಕ, ಹೆಬ್ಬೆಟ್ಟಿನ ಗುರುತಿಗೆ ಒಂದು ಶಾಯಿ ದಿಂಡು, ಇಷ್ಟಿದ್ದರೆ ಆರಂಭಿಸಬಹುದು. ಮೊದಲ ಪುಟಗಳಲ್ಲಿ ಪ್ರತಿ ಆಳಿನ ಹೆಸರು, ಊರು, ವಯಸ್ಸು, ಕೆಲಸಕ್ಕೆ ಸೇರಿದ ದಿನ, ಒಪ್ಪಿದ ಕೂಲಿ, ಮನೆಯವರಿಗೆ ಸುದ್ದಿ ಮುಟ್ಟಿಸಲು ಒಂದು ಫೋನ್ ನಂಬರು ಬರೆದುಕೊಳ್ಳಿ. ವಯಸ್ಸಿನ ಆಧಾರಕ್ಕೆ ಗುರುತಿನ ಚೀಟಿಯನ್ನು ನೋಡಿ, ಪ್ರತಿ ತೆಗೆದಿಟ್ಟುಕೊಳ್ಳಿ. ಮೂಲ ಚೀಟಿಯನ್ನು ಮಾತ್ರ ನಿಮ್ಮ ಬಳಿ ಇಟ್ಟುಕೊಳ್ಳಬೇಡಿ. ಆಳಿನ ಕಾಗದಪತ್ರ ಹಿಡಿದಿಟ್ಟುಕೊಳ್ಳುವುದು ಅವನನ್ನೇ ಹಿಡಿದಿಟ್ಟುಕೊಂಡ ಹಾಗೆ.

ನಂತರದ ಪುಟಗಳಲ್ಲಿ ದಿನಕ್ಕೊಂದು ಸಾಲು. ತಾರೀಕು, ಹೆಸರು, ಮಾಡಿದ ಕೆಲಸ, ಬಂದ ಹೊತ್ತು, ಹೋದ ಹೊತ್ತು, ಆ ದಿನದ ಕೂಲಿ. ಬಟವಾಡೆಯ ದಿನ ಒಟ್ಟು ಕೂಲಿ, ಮುರಿದುಕೊಂಡ ಮುಂಗಡ, ಕೈಗೆ ಕೊಟ್ಟ ಹಣ, ಕೊನೆಗೆ ರುಜು ಅಥವಾ ಹೆಬ್ಬೆಟ್ಟು. ಓದು ಬಾರದವರಿಗೆ ಬರೆದದ್ದನ್ನು ಓದಿ ಹೇಳಿ, ಅವರ ಕಡೆಯವನೊಬ್ಬನ ಎದುರಿಗೆ ಹೆಬ್ಬೆಟ್ಟು ಹಾಕಿಸಿ. ಖಾಲಿ ಪುಟಕ್ಕೆ ಮುಂಚಿತವಾಗಿ ರುಜು ಹಾಕಿಸುವ ಪದ್ಧತಿ ಕೆಲವು ಕಡೆ ಇದೆ. ಅಂಥ ಪುಸ್ತಕ ನಿಮ್ಮನ್ನು ಕಾಪಾಡುವುದಿಲ್ಲ, ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಸಾಧ್ಯವಾದರೆ ಕೂಲಿಯನ್ನು ಬ್ಯಾಂಕಿನ ಖಾತೆಗೆ ಹಾಕಿ, ಇಲ್ಲವೆ ಮೊಬೈಲಿನ ಮೂಲಕ ಕೊಡಿ. ಆ ದಾಖಲೆ ತಾನಾಗಿಯೇ ಉಳಿಯುತ್ತದೆ. ಆದರೆ ಗಂಡನ ಖಾತೆಗೆ ಹೆಂಡತಿಯ ಕೂಲಿಯನ್ನೂ ಸೇರಿಸಿ ಹಾಕಬೇಡಿ. ಅವಳು ದುಡಿದದ್ದಕ್ಕೆ ಅವಳ ಹೆಸರಿನಲ್ಲೇ ಸಾಲು ಇರಬೇಕು, ಅವಳ ಕೈಗೇ ಹಣ ಸೇರಬೇಕು.

ಕೂಲಿ ಎಷ್ಟು, ಯಾವಾಗ?

ಕನಿಷ್ಠ ಕೂಲಿಯ ದರವನ್ನು ರಾಜ್ಯ ಸರ್ಕಾರ ಗೊತ್ತುಮಾಡುತ್ತದೆ. ಬೆಲೆಯೇರಿಕೆಗೆ ತಕ್ಕಂತೆ ತುಟ್ಟಿಭತ್ಯೆ ಸೇರಿ ದರ ಬದಲಾಗುತ್ತಿರುತ್ತದೆ. ಹೋದ ವರ್ಷದ ದರವನ್ನೇ ಈ ವರ್ಷವೂ ಕೊಟ್ಟರೆ ಸಾಲದು. ಪ್ರತಿ ವರ್ಷ ಏಪ್ರಿಲ್ ಬಂದ ಕೂಡಲೇ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ, ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳುವ ಅಭ್ಯಾಸ ಮಾಡಿ. ನಿಮ್ಮ ಕಡೆ ನಡೆಯುವ ಕೂಲಿ ಸರ್ಕಾರದ ದರಕ್ಕಿಂತ ಹೆಚ್ಚಿದ್ದರೆ ಕನಿಷ್ಠ ದರ ತೋರಿಸಿ ಇಳಿಸಲು ಹೋಗಬೇಡಿ. ಆಳು ನಿಲ್ಲುವುದಿಲ್ಲ.

ರಾಗಿ, ಹಾಲು, ತರಕಾರಿ ಕೊಟ್ಟು ಕೂಲಿಯಲ್ಲಿ ಮುರಿದುಕೊಳ್ಳುವ ರೂಢಿ ಹಲವೆಡೆ ಇದೆ. ಹೀಗೆ ಕೂಲಿಗೆ ಬದಲಾಗಿ ಕೊಟ್ಟ ವಸ್ತುವಿನ ಬೆಲೆಯಲ್ಲಿ ಒಟ್ಟು ಕೂಲಿಯ 15 ಭಾಗದಷ್ಟು, ಎಂದರೆ ನೂರಕ್ಕೆ 15 ರೂಪಾಯಿವರೆಗೆ ಮಾತ್ರ, ಕೂಲಿಯೆಂದು ಎಣಿಸಲಾಗುತ್ತದೆ. ಉಳಿದದ್ದು ಹಣದಲ್ಲೇ ಸಲ್ಲಬೇಕು.

ಬೆಳಗ್ಗೆ ಆಳುಗಳು ಬಂದರು. ಹತ್ತು ಗಂಟೆಗೆ ಮಳೆ ಹಿಡಿಯಿತು, ನೀವು ಕೆಲಸ ನಿಲ್ಲಿಸಿದಿರಿ. ಅರ್ಧ ಕೂಲಿ ಕೊಟ್ಟು ಕಳಿಸಬಹುದೆ? ದುಡಿಯಲು ಸಿದ್ಧವಾಗಿ ಬಂದವನಿಗೆ ಕೆಲಸ ಕೊಡಲಾಗದಿದ್ದರೆ ಸಾಮಾನ್ಯವಾಗಿ ಪೂರ್ತಿ ದಿನದ ಕೂಲಿ ಸಲ್ಲಬೇಕೆಂಬುದು ಸಂಹಿತೆಯ ಮಾತು. ಕೆಲಸವಿದ್ದೂ ಅವನೇ ಒಲ್ಲೆನೆಂದು ಹೋದರೆ ಆ ಮಾತು ಬೇರೆ. ಆದ್ದರಿಂದ ಮಳೆಯ ದಿನಕ್ಕೆಂದು ಶೆಡ್ಡಿನೊಳಗಿನ ಕೆಲಸ ಒಂದಿಷ್ಟನ್ನು ಉಳಿಸಿಟ್ಟುಕೊಳ್ಳುವುದು ಜಾಣತನ. ಕ್ರೇಟು ತೊಳೆಯುವುದು, ಹನಿ ನೀರಾವರಿಯ ಪೈಪು ಸರಿಮಾಡುವುದು, ಸಸಿಯ ಪಾಕೀಟಿಗೆ ಮಣ್ಣು ತುಂಬುವುದು, ಇಂಥವು.

ದಿನಗೂಲಿಯವರಿಗೆ ಆ ದಿನದ ಕೆಲಸ ಮುಗಿಯುತ್ತಿದ್ದಂತೆ, ವಾರದ ಬಟವಾಡೆಯವರಿಗೆ ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳದವರಿಗೆ ಮುಂದಿನ ತಿಂಗಳ 7ನೆಯ ತಾರೀಕಿನೊಳಗೆ ಹಣ ಸೇರಬೇಕು. ಕೆಲಸ ಬಿಟ್ಟು ಹೋಗುವವನಿಗೂ ನೀವೇ ಬಿಡಿಸಿದವನಿಗೂ ಬಾಕಿಯನ್ನೆಲ್ಲ ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. "ಫಸಲು ಮಾರಿ ಬಂದ ಮೇಲೆ ಕೊಡುತ್ತೇನೆ" ಎಂಬುದು ಕಾನೂನಿನ ಮುಂದೆ ನಿಲ್ಲುವ ಮಾತಲ್ಲ.

ಹೆಣ್ಣಾಳಿಗೊಂದು ದರ, ಗಂಡಾಳಿಗೊಂದು ದರ ಎಂಬುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಒಂದೇ ಬಗೆಯ ಕೆಲಸಕ್ಕೆ ಗಂಡಸು ಹೆಂಗಸೆಂದು ಕೂಲಿಯಲ್ಲಿ ಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯಿದೆಯೇ ಹೇಳಿತ್ತು. ಈಗಿನ ಸಂಹಿತೆಯೂ ಅದನ್ನೇ ಹೇಳುತ್ತದೆ. ಗುಲಾಬಿ ಕೊಯ್ಯುವ ಕೈ ಗಂಡಸಿನದಾದರೇನು, ಹೆಂಗಸಿನದಾದರೇನು, ಹೂವಿನ ಬೆಲೆ ಹರಾಜಿನಲ್ಲಿ ಬೇರೆಯಾಗುವುದಿಲ್ಲವಲ್ಲ.

ಮುಂಗಡ ಎಂಬ ಕಟ್ಟು

ಈಗ ಬಹಳ ಎಚ್ಚರದಿಂದ ಓದಬೇಕಾದ ಸಂಗತಿ. ದೂರದ ಊರಿನಿಂದ ಆಳು ಕರೆತರುವಾಗ ಇಪ್ಪತ್ತು ಸಾವಿರವೋ ಐವತ್ತು ಸಾವಿರವೋ ಮುಂಗಡ ಕೊಡಬೇಕಾಗುತ್ತದೆ. ಮದುವೆ, ಕಾಯಿಲೆ, ಮನೆಯ ಸಾಲ ಏನಾದರೊಂದು ಇದ್ದೇ ಇರುತ್ತದೆ. ಕೊಟ್ಟ ಮೇಲೆ ನಿಮಗೆ ಚಿಂತೆ, ಅವನು ರಾತ್ರೋರಾತ್ರಿ ಹೋಗಿಬಿಟ್ಟರೇನು ಗತಿ ಎಂದು. ಹಾಗಾಗಿ "ಮುಂಗಡ ತೀರುವವರೆಗೆ ಬೇರೆಲ್ಲೂ ಹೋಗಬಾರದು" ಎಂಬ ಷರತ್ತು ಹಾಕುತ್ತೀರಿ. ನಿಮ್ಮ ಮನಸ್ಸಿನಲ್ಲಿ ಅದು ಕೊಟ್ಟ ಹಣದ ಕಾವಲು ಮಾತ್ರ. ಕಾನೂನಿನ ಪ್ರಕಾರ ಅದು ಜೀತವಾಗಬಹುದು.

ಜೀತವೆಂದರೆ ಕಾಲಿಗೆ ಸರಪಳಿ ಹಾಕುವುದೇ ಆಗಬೇಕಿಲ್ಲ. ಮುಂಗಡಕ್ಕೆ ಬದಲಾಗಿ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನೋ, ಇಚ್ಛೆ ಬಂದ ಕಡೆ ಓಡಾಡುವ ಸ್ವಾತಂತ್ರ್ಯವನ್ನೋ, ಪೇಟೆಯ ದರದಲ್ಲಿ ಕೂಲಿ ಪಡೆಯುವ ಹಕ್ಕನ್ನೋ ಆಳು ಕಳೆದುಕೊಂಡಿದ್ದರೆ ಸಾಕು. 1975ರ ಅಕ್ಟೋಬರ್ 25ರಿಂದ ಈ ಪದ್ಧತಿ ದೇಶದಲ್ಲಿ ರದ್ದಾಗಿದೆ. ಮೊದಲು ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯಿದೆಯಾಯಿತು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಆ ದಿನಗಳು ಹಿರಿಯರಿಗೆ ನೆನಪಿರಬಹುದು. ಹೊಸ ನಾಲ್ಕು ಸಂಹಿತೆಗಳು ಬಂದರೂ ಜೀತ ರದ್ದತಿಯ ಈ ಕಾಯಿದೆ ಹಾಗೆಯೇ ಉಳಿದಿದೆ.

ಈ ಕಾಯಿದೆಯ ಪ್ರಕಾರ ಜೀತದ ಸಾಲವೆಂದು ತೀರ್ಮಾನವಾದ ಹಣ ಆ ಕೂಡಲೇ ತೀರಿದಂತೆ. ಅದನ್ನು ಮತ್ತೆ ವಸೂಲು ಮಾಡಿಕೊಂಡರೆ ಅದೇ ಇನ್ನೊಂದು ಅಪರಾಧ. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಸಜೆಯೂ ದಂಡವೂ ಆಗಬಹುದು. ಆಳು "ಇದು ಜೀತದ ಸಾಲ" ಎಂದರೆ, ಅಲ್ಲವೆಂದು ರುಜುವಾತುಪಡಿಸುವ ಹೊಣೆ ಇಲ್ಲಿಯೂ ಹಣ ಕೊಟ್ಟವರದೇ.

1982ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೆಹಲಿಯಲ್ಲಿ ಏಷ್ಯಾಡ್ ಕ್ರೀಡೆಗಳಿಗಾಗಿ ನಡೆಯುತ್ತಿದ್ದ ಕಟ್ಟಡದ ಕೆಲಸದ ಕೂಲಿಗಳ ಮೊಕದ್ದಮೆ ಅದು. ಕನಿಷ್ಠ ಕೂಲಿಗಿಂತ ಕಡಿಮೆ ಹಣಕ್ಕೆ ದುಡಿಯುವವನು ಹಸಿವಿನ ಒತ್ತಾಯಕ್ಕೆ ದುಡಿಯುತ್ತಾನೆ, ಆದ್ದರಿಂದ ಅದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಮುಂಗಡವೂ ಇದೆ, ಕೂಲಿಯೂ ಕನಿಷ್ಠಕ್ಕಿಂತ ಕಡಿಮೆ ಎಂದಾದರೆ ಮಾಲೀಕನ ಪರವಾಗಿ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಹಾಗಾದರೆ ಮುಂಗಡ ಕೊಡಲೇಬಾರದೆ? ಕೊಡಬಹುದು. ಕೊಡುವ ರೀತಿ ಸರಿಯಿರಬೇಕು. ಊರಿನಿಂದ ಬರುವ ಬಸ್ಸಿನ, ರೈಲಿನ ಖರ್ಚಿಗೆಂದು ಕೊಟ್ಟ ಮುಂಗಡವನ್ನು ಕೂಲಿಯಲ್ಲಿ ಮುರಿಯುವಂತಿಲ್ಲ. ಅದು ನಿಮ್ಮ ಖರ್ಚು. ಉಳಿದ ಮುಂಗಡವನ್ನು ಪುಸ್ತಕದಲ್ಲಿ ಬೇರೆ ಪುಟಕ್ಕೆ ಬರೆದು, ಬಡ್ಡಿ ಹಾಕದೆ, ಸಣ್ಣ ಕಂತುಗಳಲ್ಲಿ ಮುರಿದುಕೊಳ್ಳಿ. ಒಂದು ಬಟವಾಡೆಯಲ್ಲಿ ಎಲ್ಲ ಕಡಿತವೂ ಸೇರಿ ಕೂಲಿಯ ಅರ್ಧವನ್ನು ಮೀರಬಾರದು. ಪ್ರತಿ ಸಲ ಉಳಿದ ಬಾಕಿಯನ್ನು ಆಳಿಗೆ ಹೇಳಿ. ಮುಖ್ಯವಾಗಿ, ಮುಂಗಡ ಬಾಕಿಯಿದ್ದರೂ ಅವನು ಹೋಗುತ್ತೇನೆಂದರೆ ತಡೆಯಬೇಡಿ. ಅವನ ಹೆಂಡತಿ ಮಕ್ಕಳನ್ನು ಶೆಡ್ಡಿನಲ್ಲಿ ನಿಲ್ಲಿಸಿಕೊಳ್ಳಬೇಡಿ, ಫೋನು ಕಿತ್ತಿಟ್ಟುಕೊಳ್ಳಬೇಡಿ. ಬಾಕಿಯನ್ನು ಕೇಳಲು ಬೇರೆ ದಾರಿಗಳಿವೆ, ಮನುಷ್ಯನನ್ನು ಒತ್ತೆ ಇಟ್ಟುಕೊಳ್ಳುವುದು ದಾರಿಯಲ್ಲ. ಕಳೆದುಕೊಂಡರೂ ಚಿಂತೆಯಿಲ್ಲ ಎನ್ನುವಷ್ಟು ಹಣವನ್ನು ಮಾತ್ರ ಮುಂಗಡವಾಗಿ ಕೊಡಿ. ಉಳಿದದ್ದನ್ನು ಒಳ್ಳೆಯ ಕೂಲಿಯಾಗಿ ಕೊಟ್ಟರೆ ಆಳು ತಾನಾಗಿಯೇ ನಿಲ್ಲುತ್ತಾನೆ.

ಅಪಘಾತವಾದರೆ

ಟ್ರ್ಯಾಕ್ಟರಿನ ರೋಟವೇಟರಿಗೆ ಕಾಲು ಸಿಕ್ಕಿಕೊಳ್ಳುವುದು, ಮೋಟಾರಿನ ಸ್ಟಾರ್ಟರ್ ಮುಟ್ಟಿ ಶಾಕ್ ಹೊಡೆಯುವುದು, ಪಾಲಿಹೌಸಿನ ಒಳಗೆ ಔಷಧಿ ಸಿಂಪಡಿಸುವಾಗ ತಲೆ ಸುತ್ತಿ ಬೀಳುವುದು, ಇವು ನಮ್ಮ ತೋಟಗಳಲ್ಲಿ ಆಗದ ಸಂಗತಿಗಳಲ್ಲ. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಟ್ರ್ಯಾಕ್ಟರು ಮುಂತಾದ ಯಂತ್ರಗಳಿಂದ ಬೇಸಾಯ ಮಾಡುವವರು, ಕೀಟನಾಶಕ ಸಿಂಪಡಿಸುವವರು, ಯಂತ್ರದಿಂದ ಕೊಯ್ಲು ಒಕ್ಕಣೆ ಮಾಡುವವರು ಸೇರಿದ್ದರು. ಈಗ ಆ ವಿಷಯ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಕೆಲಸದಲ್ಲಿ ಅಪಘಾತವಾದರೆ ತಪ್ಪು ಯಾರದೆಂದು ನೋಡುವುದಕ್ಕೆ ಮೊದಲೇ ಮಾಲೀಕನ ಹೊಣೆ ಹುಟ್ಟುತ್ತದೆ.

ಮೊತ್ತ ಎಷ್ಟಾಗುತ್ತದೆ? ಆಳು ತೀರಿಹೋದರೆ ಅವನ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 30 ವರ್ಷದವನಿಗೆ ಗುಣಕ 207.98. ತಿಂಗಳಿಗೆ 15,000 ರೂಪಾಯಿ ಕೂಲಿಯ ಲೆಕ್ಕ ಹಿಡಿದರೆ 7,500ನ್ನು 207.98ರಿಂದ ಗುಣಿಸಬೇಕು. 15,59,850 ರೂಪಾಯಿ ಆಗುತ್ತದೆ. ಬದುಕಿದ್ದರೂ ಪೂರ್ತಿ ಶಾಶ್ವತವಾಗಿ ದುಡಿಯಲಾರದಂತಾದರೆ ಅರ್ಧದ ಬದಲು ನೂರಕ್ಕೆ 60ರಂತೆ ಲೆಕ್ಕ, 18,71,820 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ನೂರಕ್ಕೆ 12ರ ಬಡ್ಡಿ, ಜೊತೆಗೆ ಸಕಾರಣವಿಲ್ಲದ ತಡಕ್ಕೆ ಮೊತ್ತದ ಅರ್ಧದವರೆಗೆ ದಂಡ.

ಇಲ್ಲಿ ಅನೇಕರು ಮಾಡುವ ಒಂದು ತಪ್ಪಿದೆ. ಆಳು ಸತ್ತಾಗ ಊರ ಹಿರಿಯರನ್ನು ಕೂಡಿಸಿ, ಅವನ ಮನೆಯವರಿಗೆ ಎರಡೋ ಮೂರೋ ಲಕ್ಷ ಕೊಟ್ಟು, ಛಾಪಾ ಕಾಗದದ ಮೇಲೆ "ಇನ್ನೇನೂ ಬಾಕಿಯಿಲ್ಲ" ಎಂದು ಬರೆಸಿಕೊಳ್ಳುತ್ತಾರೆ. ಆ ಕಾಗದಕ್ಕೆ ಬೆಲೆಯಿಲ್ಲ. ಮರಣದ ಪರಿಹಾರವನ್ನು ಸಕ್ಷಮ ಅಧಿಕಾರಿಯಲ್ಲಿ ಠೇವಣಿ ಇಡಬೇಕು. ನೇರವಾಗಿ ಕೈಗೆ ಕೊಟ್ಟದ್ದು ಪರಿಹಾರವೆಂದು ಎಣಿಕೆಯಾಗುವುದಿಲ್ಲ. ಅವಲಂಬಿತರಿಗೆ ಮೂರು ತಿಂಗಳ ಕೂಲಿಯಷ್ಟನ್ನು ಮುಂಚಿತವಾಗಿ ಕೊಡಲು ಮಾತ್ರ ಅವಕಾಶವಿದೆ. ವಿಧವೆಯ ಹಣ ನಡುವಿನವರ ಪಾಲಾಗದೆ ಅವಳಿಗೂ ಮಕ್ಕಳಿಗೂ ಸೇರಲಿ ಎಂಬುದು ಇದರ ಉದ್ದೇಶ.

ಎಕರೆಗಟ್ಟಲೆ ಮಾರಿದರೂ ತೀರದ ಹೊಣೆ ಎಂದು ಹೆದರಬೇಕಾಗಿಲ್ಲ. ಈ ಹೊಣೆಗೆಂದೇ ವಿಮಾ ಕಂಪನಿಗಳು ಪಾಲಿಸಿ ಕೊಡುತ್ತವೆ. ಟ್ರ್ಯಾಕ್ಟರಿಗೆ, ಹಸುವಿಗೆ ವಿಮೆ ಮಾಡಿಸುವ ನೀವು ಅವನ್ನು ನೋಡಿಕೊಳ್ಳುವ ಮನುಷ್ಯನನ್ನು ಬಿಡಬಾರದು. ವಿಮೆಯ ಹಣ ಕೇಳಲು ಹೋದಾಗಲೂ ಮೊದಲು ಕೇಳುವುದು ಹಾಜರಿ, ಕೂಲಿಯ ಪುಸ್ತಕವನ್ನೇ. ಆ ದಿನ ಅವನು ನಿಮ್ಮಲ್ಲಿ ಕೆಲಸಕ್ಕಿದ್ದ ಎಂಬುದಕ್ಕೆ, ಅವನ ಕೂಲಿ ಇಷ್ಟೆಂಬುದಕ್ಕೆ ಅದೇ ಆಧಾರ. ಔಷಧಿ ಹೊಡೆಯುವವನಿಗೆ ಕೈಗವಸು, ಮುಖಕವಚ, ಪೂರ್ತಿ ಮೈ ಮುಚ್ಚುವ ಬಟ್ಟೆ, ಬೂಟು ಒದಗಿಸಿ. ಕೀಟನಾಶಕ ನಿಯಮಗಳು 1971ರಿಂದಲೂ ಇದನ್ನು ಬಯಸುತ್ತವೆ. ಕೊಟ್ಟದ್ದನ್ನೂ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ.

ಮಕ್ಕಳು, ಹೆಂಗಸರು, ಮೇಸ್ತ್ರಿ

ಶೆಡ್ಡಿನಲ್ಲಿರುವ ಸಂಸಾರದ ಹತ್ತು ಹನ್ನೆರಡು ವರ್ಷದ ಮಗು ತಾಯಿಯ ಜೊತೆ ಹೂ ಕೊಯ್ಯಲು ಬರುತ್ತದೆ. ನೀವು ಕರೆದಿಲ್ಲ, ಕೂಲಿಯೂ ಕೊಡುತ್ತಿಲ್ಲ. ಆದರೂ ಸುಮ್ಮನಿರಬೇಡಿ. 14 ವರ್ಷ ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಮಾಡಿದ ತಿದ್ದುಪಡಿ ಹೇಳುತ್ತದೆ. ಶಾಲೆಯ ವೇಳೆ ಮುಗಿದ ಮೇಲೆ ತಮ್ಮ ಮನೆಯವರ ಸ್ವಂತ ಕಸುಬಿಗೆ ಕೈಹಾಕುವ ವಿನಾಯಿತಿ ನಿಮ್ಮ ತೋಟದ ಕೆಲಸಕ್ಕೆ ಬರುವುದಿಲ್ಲ. ಆರು ತಿಂಗಳಿನಿಂದ ಎರಡು ವರ್ಷದವರೆಗೆ ಸಜೆ, 20,000ದಿಂದ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹತ್ತಿರದ ಸರ್ಕಾರಿ ಶಾಲೆಗೆ ನೀವೇ ಕರೆದೊಯ್ದು ಸೇರಿಸಿದರೆ ಆ ಮಗುವಿಗೂ ಒಳ್ಳೆಯದು, ನಿಮಗೂ ನೆಮ್ಮದಿ. 14ರಿಂದ 18ರೊಳಗಿನವರನ್ನು ಔಷಧಿ, ಯಂತ್ರಗಳ ಹತ್ತಿರ ಬಿಡಬೇಡಿ.

ಹೆಣ್ಣಾಳುಗಳಿಗೆ ಲೈಂಗಿಕ ಕಿರುಕುಳದಿಂದ ರಕ್ಷಣೆ ಕೊಡುವ 2013ರ ಕಾಯಿದೆ ತೋಟಕ್ಕೂ ಅನ್ವಯಿಸುತ್ತದೆ. ಹತ್ತು ಜನ ಮತ್ತು ಮೇಲ್ಪಟ್ಟು ಕೆಲಸದವರಿದ್ದರೆ ದೂರು ಕೇಳಲು ಒಂದು ಒಳಸಮಿತಿ ಇರಬೇಕು. ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಬಾಗಿಲು ಭದ್ರವಾದ ಶೌಚಾಲಯವನ್ನೂ ಬಟ್ಟೆ ಬದಲಿಸಲು ಮರೆಯ ಜಾಗವನ್ನೂ ಒದಗಿಸುವುದಕ್ಕೆ ಯಾವ ಕಾಯಿದೆಯೂ ಹೇಳಬೇಕಾಗಿಲ್ಲ.

ಆಳು ಒದಗಿಸುವ ಮೇಸ್ತ್ರಿಗೆ ಒಟ್ಟಿಗೆ ಹಣ ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಮೇಸ್ತ್ರಿ ಅದರಲ್ಲಿ ಅರ್ಧ ಉಳಿಸಿಕೊಂಡರೆ ಕೂಲಿಯ ಹೊಣೆ ತೋಟದ ಮಾಲೀಕನ ಮೇಲೆಯೇ ಬರುತ್ತದೆ. ಅಪಘಾತದ ಪರಿಹಾರವನ್ನೂ ನಿಮ್ಮಿಂದಲೇ ಕೇಳಬಹುದು, ನೀವು ಆಮೇಲೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಬೇಕು. ಮೇಸ್ತ್ರಿಗೆ ಅವನ ಕಮಿಷನ್ ಬೇರೆಯಾಗಿ ಕೊಟ್ಟು, ಕೂಲಿಯನ್ನು ಆಳುಗಳ ಕೈಗೇ ಕೊಡಿ.

ಎಲ್ಲಿ ಕೇಳಬೇಕು?

ಹತ್ತು ಜನ ದಾಟಿದ ತೋಟ, ನರ್ಸರಿಗಳವರು ರಾಜ್ಯ ವಿಮೆ, ಇಪ್ಪತ್ತು ದಾಟಿದವರು ಭವಿಷ್ಯನಿಧಿ ತಮಗೆ ಅನ್ವಯಿಸುತ್ತದೆಯೇ ಎಂದು ಆ ಕಚೇರಿಗಳಲ್ಲಿ ಬರಹದ ಮೂಲಕ ವಿಚಾರಿಸಬೇಕು. ಕನಿಷ್ಠ ಕೂಲಿಯ ದರ, ಪುಸ್ತಕದ ನಮೂನೆ ಇವುಗಳಿಗೆ ನಿಮ್ಮ ವಲಯದ ಕಾರ್ಮಿಕ ನಿರೀಕ್ಷಕರನ್ನು ಕಾಣಿ. ಇಲಾಖೆಯ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಹೊಸ ಸಂಹಿತೆಯಲ್ಲಿ ನಿರೀಕ್ಷಕರು ತಪಾಸಣೆಯ ಜೊತೆಗೆ ಸಲಹೆ ಕೊಡುವ ಕರ್ತವ್ಯವುಳ್ಳವರೂ ಹೌದು. ಆದ್ದರಿಂದ ಕೇಳಲು ಸಂಕೋಚ ಬೇಡ. 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯಲ್ಲಿ 16ರಿಂದ 59 ವರ್ಷದ ಕೃಷಿ ಕೂಲಿಗಳೂ ಹಣವಿಲ್ಲದೆ ಹೆಸರು ಸೇರಿಸಬಹುದು. ನಿಮ್ಮ ಆಳುಗಳಿಗೆ ಇದನ್ನು ತಿಳಿಸಿ, ಒಂದು ದಿನ ಬಿಡುವು ಕೊಟ್ಟು ಮಾಡಿಸಿ.

ಇಷ್ಟೆಲ್ಲ ಓದಿ ತಲೆಬಿಸಿ ಮಾಡಿಕೊಳ್ಳಬೇಡಿ. ಹಾಲಿನ ಡೇರಿಯಲ್ಲಿ ಎಷ್ಟು ಲೀಟರು ಹಾಕಿದಿರಿ, ಎಷ್ಟು ಕೊಬ್ಬು ಬಂತು ಎಂದು ಪಾಸ್‌ಪುಸ್ತಕದಲ್ಲಿ ದಿನಾ ಬರೆಸಿಕೊಳ್ಳುತ್ತೀರಿ. ಅಲ್ಲಿ ಒಂದು ಹೊತ್ತಿನ ಹಾಲು ಬರೆಯದೆ ಬಿಟ್ಟರೆ ಜಗಳವಾಡುತ್ತೀರಿ. ನಿಮ್ಮ ಆಳಿನ ದುಡಿಮೆಗೂ ಅದೇ ಮರ್ಯಾದೆ ಸಲ್ಲಲಿ. ಮುಂದಿನ ಬಟವಾಡೆಯ ಹಿಂದಿನ ಸಂಜೆ ಯಲಹಂಕದ ಪೇಟೆಯಿಂದ ಒಂದು ಲೆಕ್ಕದ ಪುಸ್ತಕ ತಂದಿಟ್ಟುಕೊಳ್ಳಿ. ಮೊದಲ ಪುಟದಲ್ಲಿ ಈ ವರ್ಷದ ಕೂಲಿಯ ದರ ಬರೆಯಿರಿ, ಎರಡನೆಯ ಪುಟದಲ್ಲಿ ಆಳುಗಳ ಹೆಸರು. ಯಾರಿಗೆ ಎಷ್ಟು ಮುಂಗಡ ಬಾಕಿಯಿದೆ ಎಂಬುದನ್ನು ಅವರನ್ನು ಕೂರಿಸಿಕೊಂಡು, ಅವರ ಬಾಯಿಂದಲೂ ಕೇಳಿ ಬರೆಯಿರಿ. ನಿಮ್ಮ ಲೆಕ್ಕವೂ ಅವರ ಲೆಕ್ಕವೂ ತಾಳೆಯಾಗದಿದ್ದರೆ ಅದು ಅಂದೇ ತಿಳಿಯುತ್ತದೆ, ಅಂದೇ ಬಗೆಹರಿಯುತ್ತದೆ.